ಅಪ್ಪನ ಬಟ್ಟಲು ಚಿನ್ ಆದದ್ದು

"ಗಂಡನಿಗೆ 'ಮೈಕ್ರೋವೇವಲ್ಲಿ ಚಿನ್ ಮಾಡ್ಕೊಂಡು ತಿನ್ನಿ' ಅಂತ ಹೇಳಿ ಹೊಸಿಲು ದಾಟೋ ಹೆಂಗಸನ್ನ ನಮ್ಮ ಮನೆತನದಲ್ಲಿ ಇವತ್ತೇ ನೋಡ್ತಿರೋದು," ಎಂದಳು ಕಿನುಯೊ.

ಶಿಗೆಮಿ ತಲೆಯೆತ್ತದೆ ಬೂಟಿನ ದಾರ ಕಟ್ಟುತ್ತಿದ್ದಳು. ಕಿನುಯೊ ಅವಳ ಗಂಡನ ಅಕ್ಕ, ಪಕ್ಕದ ಬೀದಿಯವಳು. ಎಂದಿನಂತೆ ಹೇಳದೆ ಕೇಳದೆ ಒಳಬಂದು, ಇವತ್ತು ನ್ಯಾಯಾಧೀಶೆಯ ಹಾಗೆ ಮಂಡಿಯೂರಿ ಕೂತುಬಿಟ್ಟಿದ್ದಳು.

ವಿಷಯ ಇಷ್ಟೇ. ತಕಾವೊಕದ ಸ್ಟೇಷನ್ ಬಳಿಯ ಮೀನುಕಡುಬಿನ ಅಂಗಡಿಗೆ, ಅರೆದ ಮೀನನ್ನು ಹಬೆಯಲ್ಲಿ ಬೇಯಿಸಿದ ಮದುವೆಯ ಕಡುಬುಗಳ ಮೇಲೆ ಶುಭಕ್ಕೆಂದು ಬಣ್ಣದ ಹಿಟ್ಟಿನಲ್ಲಿ ಕೊಕ್ಕರೆ, ಆಮೆ ಬಿಡಿಸುವವರು ಬೇಕಾಗಿದ್ದರು. ಹುಡುಗಿಯಾಗಿದ್ದಾಗ ಕಲಿತ ಆ ಕೈಕೆಲಸ ಶಿಗೆಮಿಗೆ ಇನ್ನೂ ಮರೆತಿರಲಿಲ್ಲ. ಇವತ್ತು ಕೈ ನೋಡುತ್ತಾರೆ, ಒಪ್ಪಿಗೆಯಾದರೆ ಸೋಮವಾರದಿಂದ ಕೆಲಸ. ಗಂಡ ಮೊರಿಹಿಕೊನದು ಒಂದೇ ಷರತ್ತು: ಮಧ್ಯಾಹ್ನದ ತನ್ನ ಊಟಕ್ಕೆ ಅಡ್ಡಿಯಾಗಬಾರದು. ಅಡ್ಡಿಯಾಯಿತೋ ಇಲ್ಲವೋ ಎಂದು ಅವನ ಅಕ್ಕ ಇವತ್ತು ನೋಡಿ ಹೇಳಬೇಕು.

"ಕೇಳಿಸ್ಕೊಳ್ರೀ," ಎಂದಳು ಶಿಗೆಮಿ ಗಂಡನಿಗೆ. "ಕುಕ್ಕರಲ್ಲಿ ಅನ್ನ ಆಗ್ತಿದೆ. ಆದ ತಕ್ಷಣ ಅಪ್ಪನಿಗೆ ಕೊಟ್ಟು ಚಿನ್ ಮಾಡಿ. ಆಮೇಲೆ ಫ್ರಿಜ್ಜಲ್ಲಿರೋ ಮೂಲಂಗಿ ಪಲ್ಯ ತೆಗೆದು, ಮೇಲಿನ ಪ್ಲಾಸ್ಟಿಕ್ ಹಾಳೆ ಒಂದು ಮೂಲೇಲಿ ಬಿಡಿಸಿ ಚಿನ್ ಮಾಡಿ. ಹಬೆ ಮುಖಕ್ಕೆ ಹೊಡೆಯುತ್ತೆ, ಹುಷಾರು. ಮೊಟ್ಟೆ ಗಿಟ್ಟೆ ಅದರೊಳಗೆ ಇಡಬೇಡಿ, ಸಿಡಿಯುತ್ತೆ. ಮತ್ತೆ ಲೋಹ..."

"ಓಯ್," ಎಂದ ಮೊರಿಹಿಕೊ, ಪೇಪರಿನ ಹಿಂದಿನಿಂದಲೇ. "ಹೊಕ್ಕೈದೋವರೆಗೂ ಮಾಲು ಕಳಿಸಿದೋನು ನಾನು. ಒಂದು ಪೆಟ್ಟಿಗೆ ಬಾಗಿಲು ಮುಚ್ಚೋಕೆ ನಿನ್ನ ಹತ್ರ ಪಾಠ ಹೇಳಿಸ್ಕೋಬೇಕಾ? ಹೋಗು, ಹೋಗು."

"ನಾನಂತೂ ಆ ಹಾಳು ಪೆಟ್ಟಿಗೇನ ಮನೆಯೊಳಗೆ ಬಿಟ್ಟುಕೊಂಡೋಳೇ ಅಲ್ಲ," ಎಂದು ಕಿನುಯೊ ಒಗ್ಗರಣೆ ಹಾಕಿದಳು.

ತೀರಿಹೋದ ಹಿರಿಯರಿಗೆ ಮನೆಯಲ್ಲಿ ಅನ್ನವಿಟ್ಟು ಕೈಮುಗಿಯುವ ಪೀಠಕ್ಕೆ ಬೇಕಾದ ಗಂಟೆ, ದೀಪ, ಬಟ್ಟಲುಗಳನ್ನು ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಮಾರಾಟದ ಮುಖ್ಯಸ್ಥನಾಗಿ ನಿವೃತ್ತನಾದ ಮನುಷ್ಯ ಈ ಮೊರಿಹಿಕೊ. ನಿವೃತ್ತನಾದ ಮೇಲೆ ಅವನ ಯಜಮಾನಿಕೆಗೆ ಉಳಿದದ್ದು ಹೆಂಡತಿ ಒಬ್ಬಳೇ. ಮುಚ್ಚಿದ ಬಾಯಿಯಲ್ಲೇ ನಕ್ಕು ಶಿಗೆಮಿ ಬಾಗಿಲೆಳೆದುಕೊಂಡಳು.

ಅಂಗಡಿಯಲ್ಲಿ ಅವಳ ಕೊಕ್ಕರೆಗೆ ಜೀವ ಬಂತು. ಯಜಮಾನಿ ಕಡುಬನ್ನು ಬೆಳಕಿಗೆ ಹಿಡಿದು ನೋಡಿ, "ಸೋಮವಾರ ತಡ ಮಾಡಬೇಡಮ್ಮ," ಎಂದಳು. ಆ ಮಾತನ್ನು ಬಾಯಲ್ಲಿ ಸಕ್ಕರೆಯಂತೆ ಇಟ್ಟುಕೊಂಡೇ ಶಿಗೆಮಿ ಮನೆಗೆ ಬಂದಳು. ಬಾಗಿಲು ತೆಗೆದದ್ದೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ನಿನ್ನ ಮೆಷಿನ್ನು ಕೆಟ್ಟುಹೋಗಿದೆ," ಎಂದ ಮೊರಿಹಿಕೊ ಅಡುಗೆಮನೆಯಿಂದ. "ಮಿಂಚು ಹೊಡೀತು. ಅಗ್ಗದ ಮಾಲು ತಂದ್ರೆ ಇನ್ನೇನಾಗುತ್ತೆ!"

ಒಲೆಪೆಟ್ಟಿಗೆಯ ಬಾಗಿಲು ಬಾಯಿಬಿಟ್ಟುಕೊಂಡಿತ್ತು. ಒಳಗೋಡೆಯಲ್ಲಿ ಕರೀ ಗಾಯ. ತಳದಲ್ಲಿ ನಿಂತ ಹಸಿರು ಟೀ. ನಟ್ಟನಡುವೆ, ತೀರಿಹೋದ ಮಾವನವರ ಪಟದ ಮುಂದೆ ದಿನವೂ ಅನ್ನವಿಡುವ ಪುಟ್ಟ ಹಿತ್ತಾಳೆ ಬಟ್ಟಲು, ಒಂದು ಮಗ್ಗುಲು ಕಪ್ಪಗಾಗಿ ಕೂತಿತ್ತು. ಶಿಗೆಮಿ ಮೊದಲು ಪ್ಲಗ್ ಕಿತ್ತಳು. ಅಷ್ಟು ಹೊತ್ತೂ ಅದು ಗೋಡೆಯಲ್ಲೇ ಇತ್ತು.

"ಇದು ಯಾಕ್ರೀ ಇಲ್ಲಿದೆ?"

"ನೀನೇ ಹೇಳಿದ್ದು! ಅಪ್ಪನಿಗೆ ಕೊಟ್ಟು ಚಿನ್ ಮಾಡಿ ಅಂದೆ. ಚಿನ್ ಮಾಡ್ದೆ."

ಶಿಗೆಮಿ ಗಂಡನ ಮುಖವನ್ನೇ ನೋಡಿದಳು. ಕೆಲಸ ಮುಗಿದರೆ ಚಿನ್ ಎಂದು ಕೂಗುತ್ತಿದ್ದ ಹಳೆಯ ಒಲೆಪೆಟ್ಟಿಗೆಗಳ ಕಾಲದಿಂದ ಬಿಸಿ ಮಾಡುವುದಕ್ಕೆ ಊರೆಲ್ಲ 'ಚಿನ್ ಮಾಡು' ಎನ್ನುತ್ತದೆ. ಹಿರಿಯರ ಪೀಠದ ಮುಂದಿನ ಕಂಚಿನ ಗಂಟೆ ಬಾರಿಸಿ ಕೈಮುಗಿಯುವುದಕ್ಕೂ ಅದೇ ಮಾತು. ಕೂಸುಗಳಿಗೂ ಯಾವ ಚಿನ್ ಯಾವುದೆಂದು ಗೊತ್ತು.

"ಗಂಟೆ ಕಣ್ರೀ, ಗಂಟೆ! ಸತ್ತೋರು ಯಾವತ್ತು ಅನ್ನ ಬಿಸಿ ಮಾಡ್ಕೊಡಿ ಅಂತ ಕೇಳಿದ್ರು? ಆ ಗಂಟೇನ ದೇಶಕ್ಕೆಲ್ಲ ಮಾರಿದೋರು ನೀವೇ ಅಲ್ವಾ?"

ಮೊರಿಹಿಕೊ ಅಕ್ಕನ ಕಡೆ ಬೆರಳು ಮಾಡಿದ. "ಬೇಸ್‌ಬಾಲ್ ನೋಡ್ತಾ ಕೂತೆ, ಅನ್ನ ಬಟ್ಟಲಲ್ಲೇ ಆರಿಹೋಯ್ತು. ಅಪ್ಪನಿಗೆ ತಣ್ಣಗಿನ ಅನ್ನ ಇಡಬಾರದು, ಅವಳು ಹೇಳಿದ ಹಾಗೇ ಚಿನ್ ಮಾಡು ಅಂದೋಳು ಅಕ್ಕ."

"ನನ್ನ ಮೇಲೆ ಹಾಕ್ಬೇಡ!" ಎಂದಳು ಕಿನುಯೊ. "ಒಳಗೆ ಪಟಪಟ ಕಿಡಿ ಹಾರ್ತಿತ್ತು. ಬಾಗಿಲು ತೆಗೆದು ಟೀ ಹುಯ್ದೋಳು ನಾನು. ಮನೆ ಉಳಿದದ್ದು ನನ್ನಿಂದ."

"ಬೆಂಕಿ ಕಂಡ್ರೆ ಬಾಗಿಲು ಮುಚ್ಚೇ ಇರಬೇಕು ಅಕ್ಕಾವ್ರೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅದು ತಾನಾಗಿ ಆರೋವರೆಗೂ ದೂರ ನಿಲ್ಲಬೇಕು. ಕರೆಂಟಿನ ಪೆಟ್ಟಿಗೆಗೆ ಟೀ ಕುಡಿಸಿದ್ದೀರಿ, ನಿಮಗೆ ಹೊಡೀಲಿಲ್ಲವಲ್ಲ, ಅದೇ ಮಾವನವರ ಪುಣ್ಯ."

"ಇದಕ್ಕೇ ಹೇಳಿದ್ದು," ಎಂದು ಕಿನುಯೊ ತೀರ್ಪಿಗೆ ಕೈ ಹಾಕಿದಳು. "ಹೆಂಗಸು ಮನೇಲಿದ್ದಿದ್ರೆ ಇದೆಲ್ಲ ಆಗ್ತಿತ್ತಾ?"

"ಹೆಂಗಸು ಮನೇಲಿದ್ರಲ್ಲ, ನೀವು." ಶಿಗೆಮಿ ಬಟ್ಟಲನ್ನು ತೊಳೆಯುತ್ತಲೇ ಹೇಳಿದಳು. "ನಾನು ಸೋಮವಾರದಿಂದ ಹೋಗ್ತೀನಿ. ಇವರ ಮಧ್ಯಾಹ್ನದ ಊಟ ನಿಮ್ಮ ಮನೇಲಿ ಆಗ್ಲಿ. ನಿಮ್ಮಲ್ಲಿ ಹಾಳು ಪೆಟ್ಟಿಗೆ ಇಲ್ಲ, ದಿನಾ ಬಿಸಿಬಿಸಿ ಮಾಡಿ ಬಡಿಸ್ತೀರಿ. ನಮ್ಮ ಮನೆತನದ ಪದ್ಧತಿ ಪ್ರಕಾರ."

"ದಿನಾನಾ?"

"ದಿನಾ."

ಕಿನುಯೊ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೊಪ್ಪಿನವನ ಮುಂದೆ ಬಾಡಿದ ಕಟ್ಟನ್ನು ತಿರುಗಿಸಿ ನೋಡುವಾಗ ಇರುತ್ತದಲ್ಲ, ಅದೇ ಮುಖ.

"ಅಲ್ಲ ಶಿಗೆಮಿ," ಎಂದಳು, ದನಿ ಎಲ್ಲಿಂದಲೋ ಬೆಣ್ಣೆಯಾಗಿತ್ತು, "ಚಿನ್ ಮಾಡೋದು ಅಂಥಾ ಬ್ರಹ್ಮವಿದ್ಯೆಯೇನಲ್ಲ. ಇವನಿಗೆ ಕಲಿಸಿಬಿಡು. ನೀನು ಕೆಲಸಕ್ಕೆ ಹೋಗಮ್ಮ."

"ಅಕ್ಕಾ!" ಎಂದ ಮೊರಿಹಿಕೊ.

"ಸುಮ್ನಿರೋ. ನಿನಗೆ ದಿನಾ ಬೇಯಿಸಿ ಹಾಕೋಕೆ ನನಗೇನು ಹುಚ್ಚಾ?"

ಒಳಗೋಡೆ ಸುಟ್ಟು ನೀರೂ ಕುಡಿದ ಪೆಟ್ಟಿಗೆಯನ್ನು ಮತ್ತೆ ಬಳಸುವ ಹಾಗಿರಲಿಲ್ಲ. ಭಾನುವಾರ ಹೊಸದನ್ನು ಮೊರಿಹಿಕೊನೇ ಹೊತ್ತು ತಂದ. ಅದು ಚಿನ್ ಎನ್ನುವುದಿಲ್ಲ, ಪೀ ಪೀ ಎನ್ನುತ್ತದೆ. ಅದಕ್ಕೇ ಅದೂ ಕೆಟ್ಟ ಮಾಲು ಎಂದು ಅವನು ಒಂದು ಸಲ ಗೊಣಗಿದ. ಶಿಗೆಮಿ ಮುಂದೆ ನಿಂತು ಅವನ ಕೈಯಲ್ಲೇ ಪಲ್ಯ ಬಿಸಿ ಮಾಡಿಸಿದಳು. ಅವನು ಬಿಸಿ ತಟ್ಟೆಯನ್ನು ಬರಿಗೈಯಲ್ಲಿ ಹಿಡಿದು, "ಅಯ್ಯಯ್ಯೋ," ಎಂದು ಕುಣಿದಾಗ, ಬಟ್ಟೆಯಲ್ಲಿ ಹಿಡೀರಿ ಎಂದು ಹೇಳಿದ್ದನ್ನು ಅವಳು ಮತ್ತೆ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಾವನವರ ಪಟದ ಮುಂದೆ ಬಿಳಿ ಪಿಂಗಾಣಿಯ ಪುಟ್ಟ ಬಟ್ಟಲಿತ್ತು.

"ಓಯ್, ಹಿತ್ತಾಳೇದು ಎಲ್ಲಿ?"

"ನನ್ನ ಚೀಲದಲ್ಲಿ. ಸಂಜೆ ಬಂದು ಇಡ್ತೀನಿ. ನೀವೊಬ್ಬರೇ ಇರೋವಾಗ ಅದು ಮನೇಲಿರೋದು ಬೇಡ."

"ಜೀವಮಾನವೆಲ್ಲ ಹಿತ್ತಾಳೆ ಮಾರಿದೋನು ಕಣೇ ನಾನು!"

"ಮಾರಿದ್ರಿ," ಎಂದಳು ಶಿಗೆಮಿ, ಬೂಟಿನ ದಾರ ಬಿಗಿಯುತ್ತ. "ಅಷ್ಟೇ ಮಾಡಿದ್ದು."

ಅಂಗಡಿಯ ಹಿಂಬಾಗಿಲಲ್ಲಿ ಹೆಂಗಸರೆಲ್ಲ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಶಿಗೆಮಿಯೂ ತನ್ನದನ್ನು ಚೀಲದಿಂದ ಎಳೆದಳು. ಬಟ್ಟೆಯ ಜೊತೆ ಬಟ್ಟಲೂ ಜಾರಿ ಕಲ್ಲಿನ ನೆಲಕ್ಕೆ ಬಿತ್ತು, ಚಿನ್ ಎಂದಿತು. ಎಲ್ಲರೂ ಒಮ್ಮೆಗೇ ಗೋಡೆಯ ಪಕ್ಕದ ಒಲೆಪೆಟ್ಟಿಗೆಯತ್ತ ತಿರುಗಿ ನೋಡಿದರು. ಅದರೊಳಗೆ ಯಾರೂ ಏನೂ ಇಟ್ಟಿರಲಿಲ್ಲ.