ಗುಲಾಬಿ ಪಾತಿಯ ಮಣ್ಣು

ಚರ್ಚು ನಡೆಸುವ ಪಾದ್ರಿಯಮ್ಮ ಥಿಯೊಡೊರಾ ಮೂರನೇ ಸಲ ಮನೆಗೆ ಬಂದಾಗಲೂ ವಿನಿಫ್ರೆಡ್ ಚಹಾ ಕೊಟ್ಟಳು, ಉತ್ತರ ಕೊಡಲಿಲ್ಲ.

ಅಮೆರಿಕದ ಟಕೋಮಾ ಊರಿನ ಆ ಚರ್ಚಿನ ಹಿಂದಿನ ಜಾಗದಲ್ಲಿ, ಬೀದಿಯಲ್ಲಿ ಮಲಗಿ ಬದುಕಿದವರಿಗಾಗಿ ಕಡಿಮೆ ಬಾಡಿಗೆಯ ಮನೆಗಳು ಏಳಬೇಕಿತ್ತು. ಅಲ್ಲೇ ಒಬ್ಬ ನರ್ಸು, ಔಷಧಿ ಕೊಡಿಸಲು, ಕೆಲಸ ಹುಡುಕಲು ನೆರವಾಗುವ ಒಬ್ಬ ಸಹಾಯಕಿ ಇರಬೇಕೆಂದೂ ನಿಶ್ಚಯವಾಗಿತ್ತು. ಕಾರು ನಿಲ್ಲಿಸುವ ಜಾಗವನ್ನು ಬಿಟ್ಟುಕೊಡಲು ಸಭೆ ಒಂದೇ ಸಂಜೆಯಲ್ಲಿ ಒಪ್ಪಿತ್ತು. ಆದರೆ ಮೆಟ್ಟಿಲು ಹತ್ತಲಾಗದವರ ಮನೆಗಳು ಬರಬೇಕಾದದ್ದು ಗುಲಾಬಿ ತೋಟದ ಮೇಲೆ. ಆ ತೋಟದ ಮಣ್ಣಿನಲ್ಲಿ ಸತ್ತವರ ಬೂದಿಯಿತ್ತು. ವಿನಿಫ್ರೆಡ್‌ಳ ಗಂಡ ಮಾರ್ಟನ್‌ನ ಬೂದಿಯೂ.

ಭರಣಿಯಲ್ಲಿಟ್ಟು ಹೂತಿದ್ದರೆ ಎತ್ತಿ ಬೇರೆಡೆ ಇಡಬಹುದಿತ್ತು. ಆ ಚರ್ಚಿನ ರೂಢಿ ಹಾಗಲ್ಲ. ಬೂದಿಯನ್ನು ನೇರವಾಗಿ ಮಣ್ಣಿಗೆ ಸುರಿದು ಮೇಲೊಂದು ಗುಲಾಬಿ ನೆಡುತ್ತಿದ್ದರು. ಮೊದಮೊದಲು ಗಿಡಗಳು ಹಳದಿಗೆ ತಿರುಗಿ ಸಾಯುತ್ತಿದ್ದವು. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದಿದ್ದ ವಿನಿಫ್ರೆಡ್, ಬೂದಿಯ ಕ್ಷಾರ ಬೇರಿಗೆ ಒಗ್ಗುತ್ತಿಲ್ಲವೆಂದು ಹೇಳಿ, ಕೊಳೆತ ಎಲೆಯನ್ನೂ ಭಾನುವಾರದ ಆರಾಧನೆಯ ನಂತರ ಉಳಿಯುವ ಕಾಫಿ ಚರಟವನ್ನೂ ಬೆರೆಸುವುದನ್ನು ಕಲಿಸಿದ್ದಳು. ಗಂಟು ಉಳಿಯದಂತೆ ಬೆರೆಸಬೇಕು ಎನ್ನುತ್ತಿದ್ದಳು. ಮಾರ್ಟನ್‌ನ ಬೂದಿಯನ್ನೂ ಅವಳೇ ಹಾಗೆ ಬೆರೆಸಿದ್ದಳು. ಈಗ ಆತ ಇಲ್ಲಿದ್ದಾನೆ, ಅಲ್ಲಿಲ್ಲ ಎಂದು ಅವಳೂ ಬೆರಳು ತೋರಿಸಿ ಹೇಳುವಂತಿರಲಿಲ್ಲ.

“ಉಳಿದ ಮನೆಯವರೆಲ್ಲ ಒಪ್ಪಿದಾರೆ, ವಿನಿಯಮ್ಮ,” ಎಂದರು ಪಾದ್ರಿಯಮ್ಮ. “ಆ ಮಣ್ಣನ್ನೆಲ್ಲ ಎತ್ತಿ ಮುಂದಿನ ಅಂಗಳಕ್ಕೆ ಹಾಕ್ತೀವಿ.”

“ಯಂತ್ರದಲ್ಲಿ ಬಗೆದು ತಾನೇ?”

“ಮತ್ತೆ ಹೇಗೆ?”

“ಅರ್ಧ ಮಣ್ಣು ಲಾರಿ ಗಾಲಿಗೆ ಅಂಟ್ಕೊಂಡು ಹೋಗುತ್ತೆ. ನನ್ನ ಗಂಡ ಹೈವೇ ಪಾಲಾಗೋದು ನಂಗೆ ಬೇಡಮ್ಮ.”

ಪಾದ್ರಿಯಮ್ಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಒಬ್ರು ಬೇಡ ಅಂದ್ರೂ ತೋಟ ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಿ. ನೀವು ಬೇಡ ಅಂದ್ರೆ ಆ ಮನೆಗಳನ್ನ ಕೈಬಿಡ್ತೀವಿ. ಯೋಚ್ನೆ ಮಾಡಿ.”

ಮರುದಿನ ಗಿಡಗಳನ್ನು ಸವರಲು ವಿನಿಫ್ರೆಡ್ ತೋಟಕ್ಕೆ ಹೋದಳು. ಚರ್ಚಿನ ಜಗುಲಿಯಲ್ಲಿ ಮಲಗುವ ಲೈಲ್ ಆಗಲೇ ನೀರು ಹಾಕುತ್ತಿದ್ದ. ಎಡಗಾಲು ಮಡಚಲಾಗದ ಅವನಿಗೆ ನೆಲಮಟ್ಟದ ಮೊದಲ ಮನೆಯೆಂದು ನಿಗದಿಯಾಗಿತ್ತು.

“ಬಂದ್ರಾ ಮಿಸ್ ವಿನಿ? ಕತ್ತರಿ ಹಿಡಿದ್ರೆ ನಿಮ್ಮ ಮುಖ ಥೇಟ್ ಹಲ್ಲು ಕೀಳೋ ಡಾಕ್ಟ್ರ ಥರ.”

“ಬಾಯಿ ಮುಚ್ಕೊಂಡು ಆ ಕೊಂಬೆ ಹಿಡ್ಕೊ.”

ಅವನು ಹಿಡಿದುಕೊಂಡ, ಬಾಯಿ ಮುಚ್ಚಲಿಲ್ಲ. “ನಮ್ಮ ಮನೆಗಳಿಗೆ ಯಾರೋ ಅಡ್ಡಗಾಲು ಹಾಕಿದಾರಂತೆ. ಗುಲಾಬಿ ಗಿಡಕ್ಕೋಸ್ಕರ! ಎಂಥ ಮುದುಕಿ ಇರ್ಬೇಕು!”

“ನಾನೇ ಆ ಮುದುಕಿ.”

ಕೊಂಬೆ ಅವನ ಕೈ ಜಾರಿತು. ವಿನಿಫ್ರೆಡ್ ಕತ್ತರಿ ಕೆಳಗಿಟ್ಟು, ಮಣ್ಣಿನಲ್ಲಿ ಏನಿದೆ, ಯಾರಿದ್ದಾರೆ ಎಂದು ಹೇಳಿದಳು. ಲೈಲ್ ಪಾತಿಯ ಅಂಚಿನಿಂದ ಕುಂಟುತ್ತ ಹಿಂದೆ ಸರಿದ.

“ಅಯ್ಯೋ ದೇವರೇ! ಬೇಸಿಗೇಲೆಲ್ಲ ನಾನು ಇಲ್ಲೇ ಬಿದ್ಕೋತಿದ್ನಲ್ಲ! ನಿಮ್ಮ ಯಜಮಾನ್ರ ಮೇಲೆ!”

“ಮೈಮೇಲೆ ರೈಲು ಹೋದ್ರೂ ಅವ್ರಿಗೆ ಎಚ್ಚರ ಆಗ್ತಿರ್ಲಿಲ್ಲ ಬಿಡು.”

ಇಬ್ಬರೂ ನಕ್ಕರು. ಆಮೇಲೆ ಲೈಲ್ ಟೋಪಿ ತೆಗೆದ. “ಹಾಗಿದ್ರೆ ಆ ಮನೆ ಬೇಡ, ಮಿಸ್ ವಿನಿ. ಸೇತುವೆ ಕೆಳಗಿಂದ, ಪಾರ್ಕಿಂದ, ಬಸ್ ಸ್ಟಾಪಿಂದ, ಎಲ್ಲಿ ಮಲಗಿದ್ರೂ ನನ್ನನ್ನ ಎಬ್ಬಿಸಿ ಓಡ್ಸಿದಾರೆ. ಬೂಟುಗಾಲಲ್ಲಿ ಒದ್ದೂ ಎಬ್ಬಿಸಿದಾರೆ. ಇನ್ನೊಬ್ರನ್ನ ಎಬ್ಬಿಸಿ ಅವ್ರ ಜಾಗದಲ್ಲಿ ನಾನು ಮಲಗಲ್ಲ.”

“ಅದೇನು, ನಿಂಗೆ ಮನೆ ಬೇಡ್ವಾ?”

“ಬೇಕು. ನನ್ನದೇ ಒಂದು ಬಾಗ್ಲು ಬೇಕು ಅಂತ ಜೀವ ಚಡಪಡಿಸುತ್ತೆ. ಆದ್ರೂ ಬೇಡ.”

ವಿನಿಫ್ರೆಡ್ ಆ ದಿನ ಗಿಡ ಸವರಲಿಲ್ಲ. ಅರ್ಥವಾಗದ ಫಲಿತಾಂಶದ ಮುಂದೆ ಪ್ರಯೋಗಾಲಯದಲ್ಲಿ ನಿಲ್ಲುತ್ತಿದ್ದಂತೆ ಪಾತಿಯ ಮುಂದೆ ನಿಂತಳು. ಮಾರ್ಟನ್‌ನ ನಿದ್ದೆ ಕೆಡದಂತೆ ತಾನು ಕಾಪಾಡುತ್ತಿದ್ದ ಹಾಗೆಯೇ ಇವನೂ ಕಾಪಾಡುತ್ತಿದ್ದಾನೆ. ಆದರೆ ಇವನು ಕಾಪಾಡಿದರೆ ಇವನಿಗೆ ಮನೆಯಿಲ್ಲ. ತನ್ನ ಅಂಜಿಕೆಯಾದರೂ ಯಾವುದರದು? ಮಣ್ಣು ಜಾಗ ಬದಲಿಸುವುದರದಲ್ಲ. ಮಾರ್ಟನ್‌ನನ್ನು ಅಪರಿಚಿತರು ಕಸದಂತೆ ಎತ್ತಿ ಎಸೆಯುವುದರದು.

ಅಲ್ಲಿಂದಲೇ ಪಾದ್ರಿಯಮ್ಮನಿಗೆ ಫೋನು ಮಾಡಿದಳು. “ಯಂತ್ರ ಬೇಡ. ನಮ್ಮೋರನ್ನ ನಾವೇ ಒಯ್ಯೋಣ. ಎಲ್ಲರ ಮನೆಯೋರಿಗೂ ಸಲಿಕೆ ತರೋಕೆ ಹೇಳಿ.”

ಶನಿವಾರ ಜಿನುಗು ಮಳೆಯಲ್ಲೇ ಎಲ್ಲರೂ ಬಂದರು. ಅದೇ ಮಣ್ಣಿನಲ್ಲಿದ್ದ ಆಗಾಥಾ ಪ್ರೂವಿಟ್‌ಳ ಮಗಳು ತಳ್ಳುಗಾಡಿ ತಂದಿದ್ದಳು. ಆಗಾಥಾಗೂ ಮಾರ್ಟನ್‌ಗೂ ಜೀವವಿದ್ದಾಗ ಮಾತಿರಲಿಲ್ಲ.

“ನಮ್ಮಮ್ಮನೂ ನಿಮ್ಮೋರೂ ಒಂದೇ ಗಾಡೀಲಿ! ದಾರೀಲಿ ಜಗಳ ಆಡಿದ್ರೆ?”

“ಬೇಗ ಬೇಗ ತಳ್ಳು,” ಎಂದಳು ವಿನಿಫ್ರೆಡ್.

ಲೈಲ್ ಬೇಲಿಯ ಆಚೆಯೇ ನಿಂತಿದ್ದ. ಅವಳು ಮೊದಲ ಸಲಿಕೆ ಊರಿದಳು. ಕಪ್ಪು ಮಣ್ಣು ಸಲೀಸಾಗಿ ಬಿರಿಯಿತು; ಅದರೊಳಗೆ ಅಲ್ಲಲ್ಲಿ ಬಿಳಿಯ ಸಣ್ಣ ಚೂರುಗಳು. ಅವಳು ಸಲಿಕೆ ತುಂಬ ಎತ್ತಿ ಗಾಡಿಗೆ ಹಾಕಿದಳು.

“ಬಾರೋ,” ಎಂದು ಕರೆದಳು. “ಯಾರನ್ನೂ ಎಬ್ಬಿಸ್ತಿಲ್ಲ. ಮುಂದಿನ ಅಂಗಳಕ್ಕೆ ಕರ್ಕೊಂಡು ಹೋಗ್ತಿದೀವಿ. ಅಲ್ಲಿ ಬಿಸಿಲೂ ಜಾಸ್ತಿ.”

ಲೈಲ್ ಬಂದು ಗಾಡಿಯ ಹಿಡಿ ಹಿಡಿದ. ಒಂದು ಹಿಡಿ ಮಣ್ಣೂ ಚೆಲ್ಲದಂತೆ, ಕುಂಟುಗಾಲಿನಲ್ಲೇ ಅಡಿ ಅಳೆದಿಟ್ಟು ತಳ್ಳಿದ. ಮಧ್ಯಾಹ್ನದ ಹೊತ್ತಿಗೆ ಪಾತಿಯಿದ್ದಲ್ಲಿ ಮೊಣಕಾಲುದ್ದ ಆಳದ ಗುಂಡಿಯಾಗಿತ್ತು. ಅವನು ತನ್ನ ಮನೆ ಏಳಲಿರುವ ಆ ಗುಂಡಿಯ ನಡುವೆ ನಿಂತು ಸುತ್ತ ನೋಡಿದ.

“ಹಾಸಿಗೆ ಎಲ್ಲಿಗೆ?” ಕೇಳಿದಳು ವಿನಿಫ್ರೆಡ್.

“ಈ ಕಡೆ ಬರೋ ಗೋಡೆಗೆ. ಬಾಗ್ಲು ಕಾಣ್ಬೇಕು.”

“ಕಿಟಕಿ? ರಸ್ತೆ ಕಡೆಗಾ?”

“ರಸ್ತೆ ಬೇಡಪ್ಪ. ಅರ್ಧ ಆಯುಷ್ಯ ಅದನ್ನೇ ನೋಡಿದೀನಿ.”

ವಿನಿಫ್ರೆಡ್ ತಿರುಗಿ ಪಾದ್ರಿಯಮ್ಮನನ್ನು ಕೂಗಿದಳು. “ಕೇಳಿಸ್ತಾ? ಮನೆ ನಕ್ಷೆ ಬರೆಯೋನಿಗೆ ಹೇಳಿಬಿಡಿ.”