ಕಿರುಬೆರಳಿನ ಗೆಣ್ಣು

“ರೀ, ಕೇಳಿಸ್ತಾ ಇದೆಯಾ? ನಾನು.”

ಗಿಣಿಯ ಅಂಗೈಯಲ್ಲಿದ್ದ ಹಳೆಯ ಮೊಬೈಲಿನಿಂದ ದೊಡ್ಡಕ್ಕನ ದನಿ ಹೊರಬಂದದ್ದೇ ತಡ, ವ್ಯಾನ್ ಡ್ರೈವರ್ ಕೈಗೆ ಸಿಕ್ಕ ದಿಂಬಿನ ಚೀಲವನ್ನು ಬಾಯಿಗೆ ತುರುಕಿಕೊಂಡ. ನಗು ತಡೆಯಲಾಗದೆ ಅವನ ಭುಜಗಳೆರಡೂ ಕುಣಿಯುತ್ತಿದ್ದವು. ಇಬ್ಬರೂ ಲಾಂಡ್ರಿಯ ಹಿಂದಿನ ಉಗ್ರಾಣದಲ್ಲಿ, ಹೋಟೆಲಿಗೂ ಆಸ್ಪತ್ರೆಗೂ ಹೋಗಬೇಕಿದ್ದ ಹಾಸುಗಳ ಒಟ್ಟಿಲಿನ ಮರೆಯಲ್ಲಿ ನಿಂತಿದ್ದರು. ಆಚೆ ಕಡೆ ಒಗೆಯುವ ಮಶಿನ್ನುಗಳು ಗಡಗಡ ಎನ್ನುತ್ತಿದ್ದವು. ಅದರಾಚೆಗೆ, ಕಿಟಕಿಯ ಪಕ್ಕದ ಮೇಜಿನಲ್ಲಿ, ಆ ದನಿಯ ಒಡತಿ ಇಸ್ತ್ರಿ ಮಾಡುತ್ತಿದ್ದಳು.

“ರೀ ಅಂದ್ಲಲ್ಲೇ! ಆಗ್ಲೇ ರೀ ಅನ್ನೋವರೆಗೂ ಬಂತಾ ಸಂಸಾರ?”

“ಶ್! ಮುಂದಕ್ಕೆ ಕೇಳಣ್ಣ.”

“ನಾನು ಗಟ್ಟಿ ಮನಸ್ಸು ಮಾಡ್ಬಿಟ್ಟೆ,” ಎಂದಿತು ಮೊಬೈಲು. “ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬರ್ತೀನಿ. ತಮ್ಮನಿಗೆ ಹೇಳಾಯ್ತು. ಇಲ್ಲಿ ಮಾಲೀಕರಿಗೂ ಹೇಳಾಯ್ತು. ನೀವು ಬಸ್‌ಸ್ಟ್ಯಾಂಡಲ್ಲಿ ಬಂದು ನಿಂತ್ಕೊಂಡಿರಿ, ಅಷ್ಟು ಸಾಕು. ಮಾತಾಡೋಕೆ ಹೋಗ್ಬೇಡಿ, ಗಂಟಲು ಇನ್ನೂ ಹಸಿ ಇರುತ್ತೆ. ಕೈ ಎತ್ತಿ. ನಾನು ಗುರುತು ಹಿಡೀತೀನಿ.”

ಡ್ರೈವರ್ ಬಾಯಿಂದ ದಿಂಬಿನ ಚೀಲ ತೆಗೆದ. ಗಿಣಿ ಅವನ ಮುಖ ನೋಡಿದಳು.

ಇದೆಲ್ಲ ಶುರುವಾದದ್ದು ದೊಡ್ಡಕ್ಕನ ಬಾಯಿಂದಲೇ. ಮದುವೆಯಾಗದೆ, ತಮ್ಮನ ಮನೆಯ ನಡುಹಾದಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾ ಐವತ್ತರ ಹತ್ತಿರ ಬಂದವಳು ಅವಳು. ಲಾಂಡ್ರಿಯಲ್ಲಿ ಅವಳ ಇಸ್ತ್ರಿಯಷ್ಟೇ ಬಿಸಿ ಅವಳ ನಾಲಿಗೆ. ಗಿಣಿ ಅಲ್ಲಿ ಹಾಸು ಮಡಚಿ ಕಟ್ಟುವವಳು. ಅವಳ ಗಂಡ ಹೇಳದೆ ಕೇಳದೆ ಬಿಟ್ಟುಹೋದ ವಾರ, ದೊಡ್ಡಕ್ಕ ಗಿಣಿ ಮಡಚಿದ ಹಾಸೊಂದನ್ನು ಎಲ್ಲರ ಎದುರು ಕೊಡವಿ, “ಅಂಚಿಗೆ ಅಂಚು ಕೂಡಿಸೋಕೆ ಬರದೋಳ ಹತ್ರ ಯಾವ ಗಂಡ್ಸು ನಿಲ್ತಾನೆ?” ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಗಿಣಿಯೂ ನಕ್ಕಿದ್ದಳು. ಆ ನಗು ಅವಳ ಹೊಟ್ಟೆಯೊಳಗೆ ಹಾಗೇ ಕೂತುಬಿಟ್ಟಿತ್ತು.

ಅದಾಗಿ ಕೆಲವು ತಿಂಗಳಿಗೆ ದೊಡ್ಡಕ್ಕನಿಗೆ ತಮ್ಮ ಬಳಸಿ ಬಿಟ್ಟ ಟಚ್ ಮೊಬೈಲು ಸಿಕ್ಕಿತು. ಅವಳ ಬೆರಳಿಗೆ ಅದು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ವರ್ಷಗಟ್ಟಲೆ ಬಿಸಿ ಬಟ್ಟೆ ಎಳೆದು, ಇಸ್ತ್ರಿ ಕಾದಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿ, ಬೆರಳ ತುದಿಗಳೆಲ್ಲ ಹಳೆಯ ಚಪ್ಪಲಿಯಂತೆ ಜಡ್ಡುಗಟ್ಟಿದ್ದವು. “ಇದ್ರ ಪಾಲಿಗೆ ನಾನು ಸತ್ತಿದೀನಿ ಕಣೇ,” ಎಂದು ಗಾಜಿನ ಮೇಲೆ ಬೆರಳು ಕುಟ್ಟುತ್ತಿದ್ದಳು. ಕೊನೆಗೆ ಕಿರುಬೆರಳನ್ನು ಮಡಚಿ ಅದರ ಗೆಣ್ಣಿನಿಂದ ಒತ್ತಿದರೆ ಪರದೆ ಎಚ್ಚರಾಗುತ್ತದೆ ಎಂದು ಕಂಡುಹಿಡಿದಳು. ಓದು ಬರಹ ಮೊದಲೇ ಇಲ್ಲ. ಹಾಗಾಗಿ ಮೈಕಿನ ಗುರುತನ್ನು ಗೆಣ್ಣಿನಿಂದ ಒತ್ತಿ ಹಿಡಿದು ಮಾತಾಡಿ ಕಳಿಸುವುದನ್ನು ಹೇಳಿಕೊಟ್ಟವಳು ಗಿಣಿಯೇ. “ನಿನ್ ಮಾತು ಹೋಗಿ ಮುಟ್ಟಿದ್ರೆ ಎರಡು ಗೆರೆ ಬರುತ್ತೆ ದೊಡ್ಡಕ್ಕ. ಅವರು ಕೇಳಿಸ್ಕೊಂಡ್ರೆ ಈ ಮೈಕು ನೀಲಿ ಆಗುತ್ತೆ. ಬೂದಿ ಬಣ್ಣ ಇದ್ರೆ ಕೇಳಿಸ್ಕೊಂಡಿಲ್ಲ ಅಂತ.”

ಯಾರಿಗೆ ಕಳಿಸುವುದು? ತಮ್ಮನ ಹೆಂಡತಿ ಇವಳ ನಂಬರನ್ನು ಮೊದಲೇ ಬ್ಲಾಕ್ ಮಾಡಿಟ್ಟಿದ್ದಳು.

ಆಗ ಗಿಣಿಗೆ ಗಂಡ ಬಿಟ್ಟುಹೋದ ಹಳೆಯ ಮೊಬೈಲು ನೆನಪಾಯಿತು. ಅದಕ್ಕೆ ಹೊಸ ಸಿಮ್ ಹಾಕಿ, ದೂರದ ಊರಿನ ಗೋದಾಮೊಂದರ ಕಾವಲುಗಾರನನ್ನು ಹುಟ್ಟಿಸಿದಳು. ಹೆಂಡತಿ ತೀರಿಕೊಂಡವನು, ತಪ್ಪು ನಂಬರಿಗೆ ಮೆಸೇಜು ಹಾಕಿಬಿಟ್ಟವನು, ಕ್ಷಮೆ ಕೇಳುವವನು. ಗಂಟಲಿನ ಆಪರೇಷನ್ ಆಗಿರುವುದರಿಂದ ಡಾಕ್ಟರು ಮಾತಾಡಬಾರದು ಎಂದಿದ್ದಾರೆ, ಬರೆಯಬಲ್ಲ ಅಷ್ಟೆ. ಅವನು ಬರೆದದ್ದನ್ನು ದೊಡ್ಡಕ್ಕನಿಗೆ ಓದಿ ಹೇಳುತ್ತಿದ್ದವಳೂ ಗಿಣಿಯೇ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಬರೆದದ್ದನ್ನು ಮಧ್ಯಾಹ್ನ ಮೇಜಿನ ಪಕ್ಕ ನಿಂತು, ಮೊದಲ ಸಲ ನೋಡುತ್ತಿರುವವಳಂತೆ, ತಡೆದು ತಡೆದು ಓದುತ್ತಿದ್ದಳು. ‘ನಿಮ್ಮ ಮಾತು ಕೇಳುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.’ ದೊಡ್ಡಕ್ಕ ಇಸ್ತ್ರಿ ನಿಲ್ಲಿಸಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. “ಇನ್ನೊಂದ್ಸಲ ಓದಮ್ಮ,” ಎನ್ನುತ್ತಿದ್ದಳು. ಆ ದಿನಗಳಲ್ಲಿ ಅವಳ ನಾಲಿಗೆ ಎಷ್ಟು ತಣ್ಣಗಾಗಿತ್ತೆಂದರೆ ಮಶಿನ್ ನೋಡಿಕೊಳ್ಳುವ ಮುದುಕನೇ ಹೆದರಿ, “ಇವಳಿಗೆ ಜ್ವರಗಿರ ಬಂದಿದೆಯಾ?” ಎಂದು ವಿಚಾರಿಸಿದ್ದ.

ಅವಳು ಅವನ ಫೋಟೋ ಕೇಳಲಿಲ್ಲ. ಅವನು ಕಳಿಸುತ್ತೇನೆಂದರೂ ಬೇಡವೆಂದಳು. ಮುಖ ಕಂಡರೆ ಮಾತಾಡಲು ನಾಚಿಕೆಯಂತೆ. ಅವಳಿಗೆ ಬೇಕಿದ್ದದ್ದು ಒಂದು ಕಿವಿ. ತಮ್ಮನ ಮಗಳ ಕೆಮ್ಮು, ಹಾಸಿಗೆ ಒದ್ದೆ ಮಾಡಿಕೊಂಡ ಯಾವುದೋ ರೋಗಿಯ ಹಾಸು, ಚಿಕ್ಕಂದಿನಲ್ಲಿ ಸತ್ತ ತಂಗಿ, ಎಲ್ಲವನ್ನೂ ಆ ಕಿವಿಗೆ ಹಾಕುತ್ತಿದ್ದಳು. ಮೈಕು ನೀಲಿಯಾಗುವವರೆಗೆ ಪರದೆಯನ್ನೇ ನೋಡುತ್ತಿದ್ದು, ನೀಲಿಯಾದ ಮೇಲೆ ಮೊಬೈಲನ್ನು ಸೆರಗಿನ ತುದಿಯಿಂದ ಒರೆಸಿ ಒಳಗಿಡುತ್ತಿದ್ದಳು.

ಈಗ ಅವಳು ಬಸ್ಸು ಹತ್ತಲು ಹೊರಟಿದ್ದಳು.

“ನಿಜ ಹೇಳ್ಬಿಡ್ಲಾ?” ಎಂದಳು ಗಿಣಿ.

“ಹೇಳು. ಹೇಳಿ ನಾಳೆಯಿಂದ ಅದೇ ಇಸ್ತ್ರಿ ಪಕ್ಕ ನಿಂತು ಕೆಲ್ಸ ಮಾಡು, ನೋಡೋಣ,” ಎಂದ ಡ್ರೈವರ್. “ನಿನ್ ಮುಖಕ್ಕೇ ಮಡಿಕೆ ಹಾಕ್ತಾಳೆ.”

“ಮತ್ತೇನು ಮಾಡೋದು?”

“ಸಾಯ್ಸಿಬಿಡು.”

“ಯಾರನ್ನ?”

“ಅವನನ್ನೇ. ಹುಟ್ಸಿದ್ದು ನೀನು ತಾನೆ? ಪೊಲೀಸ್ರೇನು ಬರಲ್ಲ ಬಿಡು.”

ಸಾಯಿಸುವ ಮೆಸೇಜು, ಗೋದಾಮಿನ ಜೊತೆಗಾರ ಬರೆದಂತೆ, ಡ್ರೈವರನ ಭಾವಮೈದುನನ ನಂಬರಿನಿಂದ ಬಂತು. ಬರೆದುಕೊಟ್ಟವಳು ಗಿಣಿ. ಬರೆಯುತ್ತಾ ಅವಳಿಗೆ ಕೈ ತಡೆಯಲಾಗಲಿಲ್ಲ, ಹುರುಪು ಬಂದುಬಿಟ್ಟಿತು. ಗೋದಾಮಿನ ಗೇಟಿನ ಎದುರು ಲಾರಿ, ಮನುಷ್ಯ ಸ್ಥಳದಲ್ಲೇ ಹೋದ, ಜೇಬಿನಲ್ಲಿದ್ದ ಮೊಬೈಲೂ ಪುಡಿಪುಡಿ, ನಂಬರು ಅವನ ಡೈರಿಯಲ್ಲಿ ಸಿಕ್ಕಿತು, ಮಣ್ಣು ಮಾಡಿಯಾಯಿತು, ಬರುವ ಅಗತ್ಯವಿಲ್ಲ. ಒಂದು ತೂತೂ ಇರಬಾರದೆಂದು ಎಲ್ಲವನ್ನೂ ಮುಚ್ಚಿದಳು.

ಅದನ್ನೂ ಅವಳೇ ಓದಿ ಹೇಳಬೇಕಾಯಿತು. ದೊಡ್ಡಕ್ಕ ಎಂದಿನಂತೆ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ ಕಣ್ಣು ಮುಚ್ಚಿಕೊಂಡಳು. ಗಿಣಿ ಓದಿ ಮುಗಿಸಿದರೂ ಕಣ್ಣು ತೆರೆಯಲಿಲ್ಲ. ಆಮೇಲೆ, “ಇನ್ನೊಂದ್ಸಲ ಓದು,” ಎಂದಳು. ಗಿಣಿ ಇನ್ನೊಮ್ಮೆ ಓದಿದಳು. ದೊಡ್ಡಕ್ಕ ಇಸ್ತ್ರಿ ಕೈಗೆತ್ತಿಕೊಂಡು ಮುಂದಿದ್ದ ದಿಂಬಿನ ಚೀಲಕ್ಕೆ ಒತ್ತಿದಳು. ಅದನ್ನೇ ತಿರುಗಿಸಿ ಒತ್ತಿದಳು. ಸಂಜೆ ಮಶಿನ್ನುಗಳು ನಿಂತಾಗ ಅವಳ ಮುಂದೆ ಅದೇ ದಿಂಬಿನ ಚೀಲವಿತ್ತು. ಬಟ್ಟೆ ಕಾಗದದಂತಾಗಿ, ಹಿಡಿದರೆ ಸದ್ದು ಮಾಡುತ್ತಿತ್ತು.

ತಮ್ಮನ ಮನೆಯಲ್ಲಿ ನಡುಹಾದಿಯ ಜಾಗ ಅಷ್ಟರಲ್ಲಿ ಹೋಗಿತ್ತು. ದೊಡ್ಡಕ್ಕ ಹೊರಡುತ್ತಾಳೆಂದು ಅಲ್ಲಿ ತಮ್ಮನ ಮಗಳಿಗೆ ಮಂಚ ತಂದು ಹಾಕಿದ್ದರು. ದೊಡ್ಡಕ್ಕನ ಚಾಪೆ ಅಡುಗೆಮನೆಗೆ ಹೋಯಿತು. “ಎಲ್ಲಿಗೂ ಹೋಗ್ಲಿಲ್ವಾ ಅತ್ತಿಗೆ? ಬಸ್ಸು ತಪ್ಪಿತಾ?” ಎಂದು ತಮ್ಮನ ಹೆಂಡತಿ ಕೇಳಿದಳಂತೆ. ಇದನ್ನು ದೊಡ್ಡಕ್ಕ ಯಾರಿಗೂ ಹೇಳಲಿಲ್ಲ. ಸತ್ತವನಿಗೆ ಹೇಳಿದಳು.

ಹೌದು, ಅವಳು ಅವನಿಗೆ ಮಾತು ಕಳಿಸುವುದನ್ನು ಬಿಡಲಿಲ್ಲ. ಊಟದ ಹೊತ್ತಿಗೆ ನಲ್ಲಿಯ ಹತ್ತಿರ ಹೋಗಿ ಕಿರುಬೆರಳು ಮಡಚಿ ಒತ್ತಿ ಹಿಡಿದು ಮಾತಾಡುತ್ತಿದ್ದಳು. ಒಂದೇ ಗೆರೆ ಬರುತ್ತಿತ್ತು. ಮೈಕು ಬೂದಿ ಬಣ್ಣ. ಪುಡಿಯಾದ ಮೊಬೈಲಿಗೆ ಮಾತು ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇನ್ನಷ್ಟು ಹೇಳುತ್ತಿದ್ದಳು.

ಸಿಮ್ ತೆಗೆದು ಬಿಸಾಡು ಎಂದು ಡ್ರೈವರ್ ಹೇಳಿದ್ದ. ಗಿಣಿ ಬಿಸಾಡಿದೆ ಎಂದಿದ್ದಳು. ನಿಜವಾಗಿ ಆ ಮೊಬೈಲು ಸಿಮ್ ಸಮೇತ, ಸ್ವಿಚ್ಚಾಫ್ ಆಗಿ, ಅವಳ ಚೀಲದ ತಳದಲ್ಲೇ ಇತ್ತು. ನಲ್ಲಿಯ ಹತ್ತಿರ ತುಟಿ ಅಲುಗುವುದನ್ನು ದೂರದಿಂದ ನೋಡಿ ನೋಡಿ ಅವಳಿಗೆ ಊಟ ಸೇರದಂತಾಯಿತು. ತನ್ನ ಬಗ್ಗೆ ಏನಾದರೂ ಹೇಳುತ್ತಿದ್ದಾಳೋ? ಒಂದು ಬೆಳಿಗ್ಗೆ ಉಗ್ರಾಣಕ್ಕೆ ಹೋಗಿ, ಹಾಸುಗಳ ಮರೆಯಲ್ಲಿ ನಿಂತು, ಮೊಬೈಲನ್ನು ಆನ್ ಮಾಡಿದಳು. ಮಾತುಗಳು ಒಂದರ ಹಿಂದೆ ಒಂದು ಬಂದು ಬಿದ್ದವು. ಮಶಿನ್ನಿನ ಸದ್ದಿಗೆ ಕೇಳಿಸದೆ ಸೌಂಡು ಪೂರ್ತಿ ಏರಿಸಿ ಕಿವಿಗೊತ್ತಿಕೊಂಡಳು.

“...ಗಿಣಿ ಓದೋವಾಗ ನಿಮ್ಮ ದನಿ ಹಿಂಗೇ ಇರುತ್ತೆ ಅಂದ್ಕೊಂಡು ಕೇಳ್ತಿದ್ದೆ ರೀ. ಈಗ್ಲೂ ಅವಳು, ದೊಡ್ಡಕ್ಕ ನೀರು ಬೇಕಾ ಅಂದ್ರೆ ನಂಗೆ ಧಸಕ್ ಅನ್ನುತ್ತೆ. ನೀವೇ ಕೇಳಿದ ಹಂಗೆ. ಆ ಹುಡುಗಿಗೆ ಇದೆಲ್ಲ ಏನು ಗೊತ್ತು. ಅವಳ ಮಡಿಕೆ ಮಾತ್ರ ಇವತ್ತಿಗೂ ಸೊಟ್ಟ...”

“ಗಿಣಿ, ವ್ಯಾನ್ ಬಂತು!” ಎಂದು ಯಾರೋ ಕೂಗಿದರು. ಅವಳು ಇನ್ನೂ ಮಾತಾಡುತ್ತಲೇ ಇದ್ದ ಮೊಬೈಲನ್ನು ಆಫ್ ಮಾಡದೆ ಹಾಗೇ ಚೀಲಕ್ಕೆ ಹಾಕಿಕೊಂಡು ಓಡಿದಳು.

ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಮಡಚುವ ಮೇಜಿನ ಸುತ್ತ ಕೂತಿದ್ದರು. ಗಿಣಿಯ ಚೀಲ ಅವಳ ಬೆನ್ನ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ದೊಡ್ಡಕ್ಕ ನಲ್ಲಿಯ ಕಡೆ ಹೊರಟವಳು ಅರ್ಧ ದಾರಿಯಲ್ಲಿ ನಿಂತಳು. ಮೊಬೈಲನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಆಮೇಲೆ ತಿರುಗಿ ಬಂದಳು.

“ಗಿಣಿ, ಇದು ಯಾವ ಬಣ್ಣ ನೋಡಮ್ಮ. ಹಬೆಗೆ ನನ್ನ ಕಣ್ಣು ಮಂಜಾಗಿದೆ.”

ಗಿಣಿಯ ಬಾಯಿಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಬೂದಿ ಬಣ್ಣ, ದೊಡ್ಡಕ್ಕ.”

ಪಕ್ಕದಲ್ಲಿ ಕೈ ತೊಳೆದು ಬಂದು ನಿಂತಿದ್ದ ಡ್ರೈವರ್ ಬಗ್ಗಿ ನೋಡಿದ. “ಬೂದಿ ಎಲ್ಲಿಂದ ಬಂತೇ? ನಿನ್ ಕಣ್ಣಿಗೂ ಹಬೆ ಹೊಡೀತಾ? ನೀಲಿ ಅದು. ಎಲ್ಲಾನೂ ನೀಲಿ...” ಎಂದವನು ಪರದೆಯ ಮೇಲಿದ್ದ ನಂಬರು ಕಂಡು ಮಾತು ನುಂಗಿದ. ಗಿಣಿಯ ಕಡೆ ನೋಡಿದ.

ಆ ನೋಟವನ್ನು ದೊಡ್ಡಕ್ಕ ನೋಡಿದಳು.

ನಿಂತಲ್ಲೇ ಕಿರುಬೆರಳನ್ನು ಮಡಚಿ ಗೆಣ್ಣನ್ನು ಪರದೆಗೆ ಒತ್ತಿದಳು. ಅವಳ ಕಣ್ಣು ಯಾರ ಮೇಲೂ ಇರಲಿಲ್ಲ.

“ರೀ, ಊಟ ಆಯ್ತಾ?” ಎಂದು ಗೆಣ್ಣು ಎತ್ತಿದಳು.

ಗಿಣಿಯ ಬೆನ್ನ ಹಿಂದೆ, ಮೊಳೆಗೆ ನೇತುಹಾಕಿದ್ದ ಚೀಲದೊಳಗೆ, ‘ಟಿಣ್’ ಎಂದಿತು.

ಮಶಿನ್ ಮುದುಕ ಡಬ್ಬಿಯ ಮುಚ್ಚಳವನ್ನು ಹಾಕಲೋ ಬೇಡವೋ ಎಂಬಂತೆ ಹಿಡಿದೇ ಇದ್ದ. ಡ್ರೈವರ್, “ವ್ಯಾನಿಗೆ ಡೀಸೆಲ್ ಹಾಕಿಸ್ಬೇಕು,” ಎಂದು ಯಾರಿಗೋ ಹೇಳಿ ಬಾಗಿಲ ಕಡೆ ಸರಿದ.

“ಕೂತ್ಕೊಳ್ಳಪ್ಪ,” ಎಂದಳು ದೊಡ್ಡಕ್ಕ. “ನೀನೂ ಇರು.”

ಅವನು ಕೂತ.

ದೊಡ್ಡಕ್ಕ ಇಸ್ತ್ರಿ ಮೇಜಿನ ಹತ್ತಿರದ ಸ್ಟೂಲನ್ನು ಎಳೆದುಕೊಂಡು ಬಂದು ಗಿಣಿಯ ಎದುರಿಗೆ ಹಾಕಿ ಕೂತಳು. ಮೊಬೈಲನ್ನು ತೊಡೆಯ ಮೇಲೆ, ಪರದೆ ಕಾಣುವಂತೆ ಇಟ್ಟುಕೊಂಡಳು.

“ದೊಡ್ಡಕ್ಕ, ನಾನು... ತಪ್ಪಾಯ್ತು. ನೀನು ಅವತ್ತು ನಂಗೆ ಎಲ್ಲರ ಮುಂದೆ...”

“ನಿನ್ನ ಮಾತು ಯಾರು ಕೇಳಿದ್ರು?” ದನಿಯಲ್ಲಿ ಹಳೆಯ ಬಿಸಿಯಿರಲಿಲ್ಲ. “ಅವರನ್ನ ಕೇಳಿದೀನಿ, ಊಟ ಆಯ್ತಾ ಅಂತ. ಉತ್ತರ ಬರ್ಲಿ.”

“ದೊಡ್ಡಕ್ಕ, ಬೇಡ...”

“ನಾನು ಕಾಯ್ತೀನಿ. ನಂಗೇನು ಮನೇಲಿ ಜಾಗ ಇದೆಯಾ, ಹೋಗೋಕೆ?”

ಗಿಣಿ ಎದ್ದು ಮೊಳೆಯಿಂದ ಚೀಲ ತೆಗೆದಳು. ಎಲ್ಲರೂ ನೋಡುತ್ತಿದ್ದಂತೆ ತಳದಿಂದ ಗಂಡನ ಮೊಬೈಲು ಹೊರತೆಗೆದಳು. ಊಟದ ಕೈಯನ್ನು ತೊಳೆದುಕೊಂಡಿರಲಿಲ್ಲ. ಗಾಜಿನ ಮೇಲೆ ಬೆರಳು ಜಾರಿತು, ಅಕ್ಷರಗಳು ತಪ್ಪಿದವು, ಅಳಿಸಿ ಮತ್ತೆ ಒತ್ತಿದಳು. ಅವಳ ಬೆರಳಿಗೂ ಆ ಪರದೆ ಈಗ ಸರಿಯಾಗಿ ಎಚ್ಚರಾಗುತ್ತಿರಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ದೊಡ್ಡಕ್ಕನ ತೊಡೆಯ ಮೇಲೆ ಬೆಳಕು ಮೂಡಿತು.

ದೊಡ್ಡಕ್ಕ ಮೊಬೈಲನ್ನು ಎತ್ತಿ ಗಿಣಿಯ ಕಡೆ ಚಾಚಿದಳು.

“ಓದಮ್ಮ. ನಂಗೆ ಅಕ್ಷರ ಬರಲ್ಲ.”

“ಊಟ ಆಯ್ತು...” ಗಿಣಿ ಗಡಬಡಿಸಿ ಓದಿದಳು. “ಊಟ ಆಯ್ತು, ನಿಮ್ಮದು?”

“ಹಂಗಲ್ಲ,” ಎಂದಳು ದೊಡ್ಡಕ್ಕ. “ಮುಂಚೆ ಓದ್ತಿದ್ದ ಹಂಗೆ ಓದು.”

ಗಿಣಿ ಕೆನ್ನೆ ಒರೆಸಿಕೊಂಡು, ಮೊದಲ ಸಲ ನೋಡುತ್ತಿರುವವಳಂತೆ, ತಡೆದು ತಡೆದು ಓದತೊಡಗಿದಳು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಳು. ಕಿಟಕಿಯ ಪಕ್ಕದ ಮೇಜಿನ ಮೇಲೆ, ಎತ್ತಿ ನಿಲ್ಲಿಸಿದ್ದ ಇಸ್ತ್ರಿಯ ಪುಟ್ಟ ಕೆಂಪು ದೀಪ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ತಾನೇ ಹೊತ್ತಿಕೊಂಡಿತು.