ಒಳಗಿನಿಂದ ಅಂಟಿಸಿದ ಮುಖ

ಹಿಂಬದಿಯ ಕಾಗದವನ್ನು ನಾಲ್ಕು ಬೆರಳಗಲ ಬಿಡಿಸಿ, ಸ್ಟಿಕ್ಕರ್ ಹಾಳೆಯ ಮೇಲಂಚನ್ನು ಶವದ ವ್ಯಾನಿನ ಹಿಂದಿನ ಗಾಜಿಗೆ ಒಳಗಿನಿಂದ ತಾಗಿಸಬೇಕು ಅನ್ನುವಷ್ಟರಲ್ಲಿ ಡ್ರೈವರ್ ನೀರಿನ ಸ್ಪ್ರೇ ಬಾಟಲಿ ಹಿಡಿದುಕೊಂಡು ಬಂದ.

"ಅಕ್ಕಾ, ಎರಡು ಸಲ ಪುಸ್ ಅನ್ನಿಸ್ಲಾ? ಸಲೀಸಾಗಿ ಕೂತ್ಕೊಳ್ಳುತ್ತೆ."

"ನೀರು ಬೇಡ," ಎಂದಳು ತೀರಿಕೊಂಡವನ ತಂಗಿ. ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು.

ಹೊರಗೆ ನಿಂತಿದ್ದ ಮೆಷಿನ್ನಣ್ಣ ಒದ್ದೆ ಕಣ್ಣಲ್ಲೇ ನಕ್ಕ. ಪ್ರಿಂಟ್ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಮೆಷಿನ್ ನೋಡಿಕೊಳ್ಳುವವನಿಗೆ ಉಳಿದಿದ್ದ ಹೆಸರೇ ಅದು. "ಪಿಚಕಾರಿ ಹೋಗೋ ಗಾಡಿಗೇ ನೀರು ಹೊಡೀತೀಯೇನಪ್ಪಾ? ಎದ್ದು ಕೂತುಬಿಟ್ಟಾನು."

ಡ್ರೈವರಿಗೆ ಅರ್ಥವಾಗಲಿಲ್ಲ. ಬಾಟಲಿ ತೆಗೆದುಕೊಂಡು ಮುಂದಿನ ಸೀಟಿನ ಕಡೆ ಹೋದ.

ಪಿಚಕಾರಿ ಅಂದರೆ ಅವಳ ಅಣ್ಣ. ಈಗ ಮನೆಯ ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಲವತ್ತು ವರ್ಷ ಊರ ಗಾಜುಗಳಿಗೆ ಚಿತ್ರ ಅಂಟಿಸಿದವನನ್ನು ಬರೀ ಗಾಜಿನ ವ್ಯಾನಿನಲ್ಲಿ ಕಳಿಸುವುದು ಹೇಗೆ ಎಂದು ಮೆಷಿನ್ನಣ್ಣ ಬೆಳಿಗ್ಗೆಯೇ ಅಂಗಡಿಯ ಬಾಗಿಲು ತೆಗೆಸಿ, ಅಣ್ಣ ನಗುತ್ತಿದ್ದ ಫೋಟೊ ಒಂದನ್ನು ತೂತಿನ ಹಾಳೆಯ ಮೇಲೆ ಪ್ರಿಂಟ್ ಮಾಡಿ ತಂದಿದ್ದ. ಹಾಳೆಯ ತುಂಬ ಸಾಸಿವೆಗಿಂತ ಸಣ್ಣ ಸಾವಿರಾರು ತೂತುಗಳು. ಹೊರಗಿನವರಿಗೆ ಚಿತ್ರ, ಒಳಗಿನವರಿಗೆ ಬೀದಿ. ಒಳಗಿನಿಂದ ಅಂಟಿಸುವುದಾದರೆ ಗೋಂದು ಚಿತ್ರದ ಮುಖದ ಮೇಲೇ ಇರುತ್ತದೆ. ಅಂಟಿಸುವವರಿಗೆ ಕಾಣುವುದು ಕಪ್ಪು ಬೆನ್ನು ಮಾತ್ರ. ನೆಟ್ಟಗಿದೆಯೋ ಸೊಟ್ಟಗಿದೆಯೋ, ಹೊರಗೆ ನಿಂತವರು ಹೇಳಬೇಕು.

ಹೊರಗೆ ಅವಳ ಮಗಳು ನಿಂತು ಕೈಸನ್ನೆ ಮಾಡುತ್ತಿದ್ದಳು. ಎಡಕ್ಕೆ. ಇನ್ನೂ ಸ್ವಲ್ಪ. ಸಾಕು.

ಅತ್ತಿಗೆ ಮನೆಯೊಳಗಿಂದ ಬಂದು, ಅಣ್ಣನ ಒರೆಸುಪಟ್ಟಿಯನ್ನು ಅವಳ ಕೈಗಿಟ್ಟಳು. ಅಂಚಿಗೆ ಉಣ್ಣೆಬಟ್ಟೆ ಸುತ್ತಿದ ಅಂಗೈಯಗಲದ ಪಟ್ಟಿ. ಹಿಡಿದು ಹಿಡಿದು ಅದರಲ್ಲಿ ಹೆಬ್ಬೆರಳಿನ ಗುಳಿ ಬಿದ್ದಿತ್ತು.

"ಇದರಲ್ಲೇ ತಿಕ್ಕು. ಅವರದು ಅಂತ ಇನ್ನೇನಿದೆ."

ತಂಗಿ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಎಳೆದಳು. ಅವಳ ಹೆಬ್ಬೆರಳು ಆ ಗುಳಿಯಲ್ಲಿ ಕೂರಲಿಲ್ಲ, ಜಾರುತ್ತಿತ್ತು.

"ಮಣ್ಣು ಮಾಡೋಕೆ ಮುಂಚೆ ನನಗೆ ಎರಡು ಮಾತು ಆಡು ಅಂದಿದಾರಮ್ಮ," ಎಂದ ಮೆಷಿನ್ನಣ್ಣ ಬಾಗಿಲಿಗೆ ಒರಗಿ. "ಕನ್ನಡಕದ ಅಂಗಡಿ ಕತೆ ಹೇಳ್ತೀನಿ. ಎಲ್ಲಾರೂ ಒಂದ್ಸಲ ನಗಲಿ. ಅವನೇ ಎಷ್ಟು ಸಲ ಹೇಳಿ ನಗಿಸ್ತಿದ್ದ."

ಪಟ್ಟಿ ಅಲ್ಲೇ ನಿಂತಿತು.

"ಅದು ಬೇಡ ಅಣ್ಣಾ."

"ಯಾಕಮ್ಮಾ? ಅವನು ಹೆಸರು ಮಾಡಿದ್ದೇ ಅದರಲ್ಲಿ."

"ಹೇಳ್ಲಿ ಬಿಡು," ಎಂದಳು ಅತ್ತಿಗೆ. "ಅಷ್ಟು ವರ್ಷದ ಕೆಲಸಗಾರ, ಒಣ ಕೆಲಸಕ್ಕೆ ನೀರು ಹೊಡೆದ್ರಲ್ಲ. ಎಷ್ಟು ಬೈದಿದೀನಿ. ಆಸ್ಪತ್ರೇಲೂ ಬೈದೆ. ನೀನಾದ್ರೂ ಜೊತೇಲಿ ಇದ್ದಿದ್ರೆ ತಡೀತಿದ್ದೆ. ನೀನು ಪಾಪ, ಮಗೂನ ಎತ್ಕೊಂಡು ಡಾಕ್ಟರ ಹತ್ರ ಓಡಿದ್ದೆ."

ಹೊರಗಿಂದ ಮಗಳು ಗಾಜು ತಟ್ಟಿದಳು. "ಅಮ್ಮಾ, ಗಲ್ಲದ ಹತ್ರ ಸರಿಯಾಗಿ ಒತ್ತು."

*

ಇಪ್ಪತ್ತೆರಡು ವರ್ಷದ ಹಿಂದೆ, ಆ ಮಗಳಿಗೆ ಎರಡು ತುಂಬಿರಲಿಲ್ಲ. ಮರುದಿನ ತೆರೆಯಬೇಕಿದ್ದ ಕನ್ನಡಕದ ಅಂಗಡಿಯಲ್ಲಿ, ರಟ್ಟಿನ ರಾಶಿಯ ಮೇಲೆ ಮಗು ಜ್ವರ ಬಂದು ಮಲಗಿತ್ತು. ಆರು ಗಾಜುಗಳ ಉದ್ದಕ್ಕೂ ಎರಡು ದೊಡ್ಡ ಕಣ್ಣುಗಳ ಚಿತ್ರ ಬರಬೇಕು. ಬೀದಿಯವರು ಉಗುರಲ್ಲಿ ಕೆರೆಯದಿರಲಿ ಎಂದು ಎಲ್ಲವೂ ಒಳಗಿನಿಂದ. ಎರಡು ಗಾಜು ಮುಗಿದಿದ್ದವು. ಅಣ್ಣ ಏಣಿಯ ಮೇಲೆ, ಅವಳು ಹೊರಗೆ.

"ಒಳಗೆ ದೀಪ ಹಾಕ್ಬೇಡ ಕಣೇ," ಎಂದಿದ್ದ ಅಣ್ಣ. "ಹೊರಗೆ ಕತ್ತಲಾಗ್ತಿದೆ. ದೀಪ ಹಾಕಿದ್ರೆ ಚಿತ್ರ ಮಾಯ ಆಗಿ ನಾವೇ ಕಾಣ್ತೀವಿ, ಅಳತೆ ಸಿಗಲ್ಲ."

ಅಷ್ಟರಲ್ಲಿ ಮಗು ಎದ್ದು ಕಿರುಚಿಕೊಂಡಿತು. ಅವಳು ಎತ್ತಿಕೊಂಡರೆ ನಿಲ್ಲಲಿಲ್ಲ. ಮಾವನ ಹೆಗಲೇ ಆಗಬೇಕು. ಅಣ್ಣ ಏಣಿಯಿಂದಿಳಿದು, ಹೆಗಲಿಗೆ ಹಾಕಿಕೊಂಡು, ಹಣೆ ಮುಟ್ಟಿ ನೋಡಿದ.

"ಸುಡ್ತಾ ಇದೆಯಲ್ಲೇ. ನಾನೇ ತೋರಿಸ್ಕೊಂಡು ಬರ್ತೀನಿ. ನಾನು ಬರೋವರೆಗೆ ನೀನು ಮುಟ್ಟಬೇಡ. ಹೊರಗಿಂದ ನೋಡೋರಿಲ್ಲ."

ಅವಳು ಮುಟ್ಟಿದಳು. ಅಣ್ಣ ಬರುವಷ್ಟರಲ್ಲಿ ಮುಗಿದರೆ ಮಗುವನ್ನು ಬೇಗ ಮನೆಗೆ ಒಯ್ಯಬಹುದು ಅನ್ನುವುದೊಂದೇ ತಲೆಯಲ್ಲಿತ್ತು. ಮೂರನೆಯ ಹಾಳೆ ಸೊಟ್ಟಗೆ ಕಚ್ಚಿಕೊಂಡಿತು. ಎಳೆದರೆ ಹಿಗ್ಗಿತು. ಸಾದಾ ಸ್ಟಿಕ್ಕರಿಗೆ ಹೊಡೆಯುವ ಸೋಪಿನ ನೀರಿನ ಬಾಟಲಿ ಏಣಿಯ ಬುಡದಲ್ಲೇ ಇತ್ತು. ತೂತಿನ ಹಾಳೆಗೆ ನೀರು ತೋರಿಸಬಾರದು ಎಂದು ಅಣ್ಣ ಮೊದಲ ದಿನವೇ ಹೇಳಿಕೊಟ್ಟಿದ್ದ. ಒಂದು ಸಲ ಹೊಡೆದು ನೋಡಿದಳು. ಹಾಳೆ ಬೆಣ್ಣೆಯ ಮೇಲೆ ಜಾರಿದಂತೆ ಜಾರಿ ತನ್ನ ಜಾಗಕ್ಕೆ ಬಂದು ಕೂತಿತು. ಉಳಿದ ನಾಲ್ಕೂ ಗಾಜು ಹಾಗೆಯೇ ಮುಗಿಸಿಬಿಟ್ಟಳು.

ನಿದ್ದೆಹೋದ ಮಗುವನ್ನು ಹೆಗಲಲ್ಲಿಟ್ಟುಕೊಂಡು ಬಂದ ಅಣ್ಣ ಮಬ್ಬು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. "ನನ್ನ ಮಾತು ಎಂದಾದ್ರೂ ಕೇಳಿದೀಯಾ? ಆದ್ರೂ ನನಗಿಂತ ಚೆನ್ನಾಗಿ ಕೂರಿಸಿದೀಯ, ಬಿಡು."

ಆಗಲೇ ಹೇಳಬಹುದಿತ್ತು.

ಬೆಳಿಗ್ಗೆ ಬಿಸಿಲು ಬಿದ್ದದ್ದೇ ತಡ, ತೂತುಗಳಲ್ಲಿ ನಿಂತ ನೀರು ಬೆವರಿ, ಹಾಳೆಗಳು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿ ಗಾಜು ಬಿಟ್ಟವು. ಬಂದ ಅತಿಥಿಗಳ ಎದುರಿಗೆ ಎಡಗಣ್ಣಿನ ಕೆಳರೆಪ್ಪೆ ಕಿತ್ತುಕೊಂಡು ನೆಲದವರೆಗೆ ಜೋತುಬಿತ್ತು. ಯಾರೋ ನಕ್ಕರು. ಕನ್ನಡಕದ ಅಂಗಡಿಯವರು ನಗಲಿಲ್ಲ. ಪ್ರಿಂಟ್ ಅಂಗಡಿಯ ಯಜಮಾನರು ಹಾಳೆಯ ಮೂಲೆ ಹಿಂಡಿ ನೋಡಿ ಕೇಳಿದರು: "ಯಾರು ನೀರು ಹೊಡೆದದ್ದು?"

ಅಣ್ಣ ಅವಳ ಕಡೆ ತಿರುಗಿದ. ಬೈಯುವ ನೋಟವಲ್ಲ. ಏನಾಯಿತು ಎಂದು ಕೇಳುವ ನೋಟ.

"ನಾನಿರಲಿಲ್ಲ," ಎಂದಳು ಅವಳು. ಸೊಂಟದಲ್ಲಿ ಮಗುವಿತ್ತು. "ಮಗೂನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ."

ಮಗುವಿನ ಔಷಧಿಯ ಬಾಟಲಿ ಇನ್ನೂ ಅಣ್ಣನ ಅಂಗಿಯ ಜೇಬಿನಲ್ಲೇ ಉಬ್ಬಿಕೊಂಡಿತ್ತು. ಅವನು ಅದರ ಮೇಲೆ ಅಂಗೈ ಮುಚ್ಚಿಕೊಂಡ.

"ನಾನೇ ಸಾರ್. ಬೇಗ ಮುಗೀಲಿ ಅಂತ ಹೊಡೆದೆ."

ಅಂದಿನಿಂದ ದೊಡ್ಡ ಗಾಜಿನ ಕೆಲಸ ಅವನಿಗೆ ಸಿಗಲಿಲ್ಲ. ಶಾಲೆಯ ವ್ಯಾನಿಗೆ ಹೆಸರು, ಕ್ಷೌರದಂಗಡಿಯ ಬಾಗಿಲಿಗೆ ಕತ್ತರಿ ಬಾಚಣಿಗೆ ಅಂಟಿಸಿಕೊಂಡಿದ್ದ. ದೊಡ್ಡ ಗಾಜುಗಳು ಅವಳ ಪಾಲಿಗೆ ಬಂದವು. ಪಿಚಕಾರಿ ಎಂದು ಯಾರಾದರೂ ಕರೆದರೆ ಅವನು ಕೈಯಲ್ಲೇ ಪುಸ್ ಪುಸ್ ಎಂದು ಆಡಿಸಿ ತೋರಿಸುತ್ತಿದ್ದ.

ಹೋದ ವಾರ ಆಸ್ಪತ್ರೆಯಲ್ಲಿ, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಅವಳು ಮಂಚದ ಪಕ್ಕ ಕೂತಿದ್ದಳು. ಅಣ್ಣ ವಾರ್ಡಿನ ಗಾಜಿನ ಬಾಗಿಲ ಮೇಲಿನ ಸ್ಟಿಕ್ಕರಿನ ಕಡೆ ಬೆರಳು ತೋರಿಸಿದ. "ಆ ಮೂಲೆ ಏಳ್ತಾ ಇದೆ ನೋಡು. ಯಾವ ಬಡ್ಡಿಮಗ ಅಂಟಿಸಿದ್ನೋ." ಅವಳು ಎದ್ದು ಹೋಗಿ ಮೂಲೆಯನ್ನು ಉಗುರಿನಿಂದ ಒತ್ತಿ ಬಂದಳು. ಬರುವಷ್ಟರಲ್ಲಿ ಅವನಿಗೆ ಜೊಂಪು ಹತ್ತಿತ್ತು. ಎಬ್ಬಿಸಬಹುದಿತ್ತು.

*

ವ್ಯಾನು ಹೊರಟಿತು. ಹಿಂದೆ ಎರಡು ಬದಿಯ ಬೆಂಚುಗಳು, ನಡುವೆ ಅಣ್ಣ. ಒಂದು ಕಡೆ ಅತ್ತಿಗೆ, ಇನ್ನೊಂದು ಕಡೆ ತಂಗಿ. ಮೆಷಿನ್ನಣ್ಣನ ಸ್ಕೂಟರಿನ ಹಿಂದೆ ಕೂತು ಮಗಳು ಬರುತ್ತಿದ್ದಳು. ತೂತುಗಳ ಆಚೆ ಅವಳು ಸ್ಪಷ್ಟವಾಗಿ ಕಾಣುತ್ತಿದ್ದಳು. ಅವಳಿಗೆ ಕಾಣುತ್ತಿದ್ದುದು ಮಾತ್ರ ಮಾವನ ನಗು.

"ಎಷ್ಟು ಚೆನ್ನಾಗಿ ಕೂರಿಸಿದೀಯ," ಎಂದಳು ಅತ್ತಿಗೆ ಕಪ್ಪು ಬೆನ್ನನ್ನು ನೋಡುತ್ತ. "ಅವರಾಗಿದ್ರೆ ನೀರು ಹೊಡೀತಿದ್ರು."

"ಅತ್ತಿಗೆ."

"ಹೂಂ."

"ಅಣ್ಣ ಹೊಡೀಲಿಲ್ಲ. ನಾನು ಹೊಡೆದದ್ದು. ಡಾಕ್ಟರ ಹತ್ರ ಹೋದದ್ದು ಅಣ್ಣ."

ವ್ಯಾನು ಒಂದು ಗುಂಡಿ ಹಾರಿತು. ಇಬ್ಬರೂ ಒಟ್ಟಿಗೆ ಕೈ ಚಾಚಿ ಅವನ ಭುಜ ಹಿಡಿದುಕೊಂಡರು. ಅಲುಗಾಟ ನಿಂತ ಮೇಲೂ ಅತ್ತಿಗೆ ಕೈ ತೆಗೆಯಲಿಲ್ಲ.

"ಆ ದಿನ ಅವರ ಜೇಬಲ್ಲಿ ಔಷಧಿ ಸೋರಿತ್ತು," ಎಂದಳು. "ಕೆಂಪು ಕಲೆ. ಎಷ್ಟು ತಿಕ್ಕಿದರೂ ಹೋಗ್ಲಿಲ್ಲ. ಅದಕ್ಕೂ ಬೈದೆ. ಮಗೂನ ಔಷಧಿ ಇವರ ಜೇಬಲ್ಲಿ ಯಾಕಿತ್ತು ಅಂತ ಕೇಳಲೇ ಇಲ್ಲ."

"ಅತ್ತಿಗೆ, ನೀವು ನನ್ನನ್ನ ಬೈದುಬಿಡಿ."

"ಬೈಯೋದೆಲ್ಲ ಅವರಿಗೇ ಬೈದು ಮುಗಿಸಿದೀನಲ್ಲೇ." ಅತ್ತಿಗೆ ಅವಳ ಮುಖ ನೋಡಲಿಲ್ಲ. ಹೊದಿಕೆಯ ಒಂದು ಮಡಿಕೆ ನೇರ ಮಾಡಿದಳು. ಮತ್ತೆ ಮಾಡಿದಳು. "ಅಲ್ಲಿ ಆ ಮೆಷಿನ್ನು ಬಾಯಿ ಬಿಡೋಕೆ ಮುಂಚೆ ನೀನು ಬಿಡ್ತೀಯಾ?"

ಅವಳು ಗಾಜಿನಾಚೆ ನೋಡಿದಳು. ಸ್ಕೂಟರಿನ ಮೇಲೆ ಮಗಳು ಹಾರುವ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಬಿಡ್ತೀನಿ."

"ಅವಳ ಎದುರಿಗೆ?"

"ಅವಳ ಎದುರಿಗೇ."

ರೈಲ್ವೆ ಹಳಿಯ ಕೆಳಗಿನ ದಾರಿ ಬಂತು. ಒಮ್ಮೆಗೇ ಕತ್ತಲು. ಹೆಂಗಸರು ಗಾಬರಿಯಾಗಬಾರದೆಂದೋ ಏನೋ, ಡ್ರೈವರ್ ಅವರು ಕೂತಿದ್ದ ಕಡೆಯ ಒಳದೀಪ ಹಾಕಿದ.

ಸ್ಕೂಟರು ಹತ್ತಿರವೇ ಇತ್ತು. ಚಿತ್ರ ಮಾಯವಾಗಿ, ಮಾವನ ಮುಖದ ಮೇಲಿದ್ದ ಮಗಳ ನೋಟ ತಡವರಿಸಿತು. ಹುಡುಕುವಂತೆ ಅತ್ತಿತ್ತ ಆಡಿ, ಕೊನೆಗೆ ಬಂದು ಅಮ್ಮನ ಕಣ್ಣಲ್ಲಿ ನಿಂತಿತು. ತಂಗಿ ಸೆರಗಿನಿಂದ ಮುಖ ಒರೆಸಿಕೊಳ್ಳಲು ಕೈ ಎತ್ತಿದವಳು ಹಾಗೆಯೇ ಇಳಿಸಿದಳು. ಒರೆಸುಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ದೀಪದ ಕೆಳಗೆ, ಮಗಳಿಗೆ ಕಾಣುವ ಹಾಗೆ ನೆಟ್ಟಗೆ ಕೂತಳು.